ಒಂದು ಚೀಟಿಗೆ ಒಂದು ಸಲ

"ನಿಮ್ಮ ಮೇಸ್ತ್ರಿ ಬೆಳಿಗ್ಗೆಯಿಂದ ಆರು ಸಲ ನಮ್ಮ ಮನೆಗೆ ಬಂದಿದ್ದಾರೆ ರೀ... ಆರು ಸಲ!"

ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತಿದ್ದ ಯುವಕನ ಮೂಗಿನ ತುದಿ ಕೆಂಪಾಗಿತ್ತು. ಕೋಪಕ್ಕೋ, ಮೂರು ಬೀದಿ ದಾಟಿ ಬಿರಬಿರನೆ ನಡೆದು ಬಂದದ್ದಕ್ಕೋ, ಹೇಳುವುದು ಕಷ್ಟ.

ಪುಟ್ಟಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. ಇಪ್ಪತ್ತಾರು ವರ್ಷವಾದರೂ ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಅವಳಿನ್ನೂ ಪುಟ್ಟಿಯೇ.

"ನೀವು ಕರೆದಿರ್ತೀರಿ. ಅದಕ್ಕೇ ಅಪ್ಪ ಬಂದಿರ್ತಾರೆ."

"ಕರೆದಿದ್ದೆ! ಹೋದ ತಿಂಗಳು! ಅದೂ ಎರಡೇ ಸಲ! ಅದೂ ಪರೀಕ್ಷೆಗೆ!"

"ಪರೀಕ್ಷೆಗೆ ಅಂತ ಯಾರಾದ್ರೂ ಮೇಸ್ತ್ರೀನ ಕರೀತಾರಾ?"

"ನಾನು ಕರೆದದ್ದು ಮೇಸ್ತ್ರೀನ ಅಲ್ಲ, ನಿಮ್ಮ ಸರ್ವರನ್ನ! ಅದು ಉತ್ತರ ಕೊಡುತ್ತೋ ಇಲ್ವೋ ನೋಡೋಕೆ! ಅವತ್ತು ಕೊಡಲಿಲ್ಲ. ಇವತ್ತು ಆರು ಸಲ ಕೊಟ್ಟಿದೆ. ಅಜ್ಜಿಯ ಹೊಲಿಗೆ ಯಂತ್ರಕ್ಕೆ ಆರು ಸಲ ಎಣ್ಣೆ ಬಿದ್ದಿದೆ ರೀ... ನಿಂತ ಜಾಗದಲ್ಲೇ ಜಾರ್ತಾ ಇದೆ ಅದು!"

ಪುಟ್ಟಿಗೆ ನಗು ಬಂತು. ನಗಬಾರದು, ನಗಬಾರದು ಎಂದುಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡರು. ಹೆಗಲಲ್ಲಿ ಸಲಕರಣೆಯ ಚೀಲ, ಹಣೆಯ ಮೇಲೆ ಬೆವರು. ಜೇಬಿನಿಂದ ಒಂದು ಚೀಟಿ ತೆಗೆದು ಕೌಂಟರಿನ ಮೇಲಿದ್ದ ಕಬ್ಬಿಣದ ಮುಳ್ಳಿಗೆ ಚುಚ್ಚಿದರು. ಆಮೇಲೆ ಗಿರಾಕಿಯ ಮುಖ ನೋಡಿದರು.

"ಓ, ನೀವಾ! ಯಾಕೆ, ಮತ್ತೇನಾದ್ರೂ ಕೆಟ್ಟಿತಾ?"

ಯುವಕ ಕಣ್ಣು ಮುಚ್ಚಿಕೊಂಡ. ಪುಟ್ಟಿಯ ನಗು ಕೈ ಮೀರಿತು.

ಅಷ್ಟೇ... ಕಣ್ಣು ತೆರೆದವನು ಆ ನಗುವನ್ನು ನೋಡಿದ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಇನ್ನೂ ನಾಲ್ಕು ಖಾರದ ಮಾತು ಎಲ್ಲಿ ಹೋದವೋ, ಅವನಿಗೇ ಗೊತ್ತಾಗಲಿಲ್ಲ!

ಅಂಗಡಿಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಆಮೇಲೆ ಇವರ ವಿಷಯ.

ಅದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ರಿಪೇರಿ ಅಪ್ಪನದು, ಕೌಂಟರ್ ಅತ್ತೆಯದು. ಅತ್ತೆ ಎಂದರೆ ಅಪ್ಪನ ತಂಗಿ. ಬಾಯಿ ಬಿಟ್ಟರೆ ಬೀದಿಯ ಆ ತುದಿಗೂ ಕೇಳಿಸುವವಳು. ಬಿಡುವಾದಾಗ ಅಂಗಡಿಯ ಹಿಂದಿನ ಮೇಜಿನ ಮೇಲೆ ಮನೆಮಂದಿಯ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಅವಳ ಅಭ್ಯಾಸ.

ಈಚೆಗೆ ಹೊಲಿಗೆಯವರೆಲ್ಲ ಫೋನಿಗೆ ಬಾಯಲ್ಲೇ ಹೇಳಿಬಿಡುತ್ತಾರೆ: "ದಾರ ತುಂಡಾಗ್ತಿದೆ, ಯಾರನ್ನಾದ್ರೂ ಕರಿ." ಫೋನಿನೊಳಗಿನ ಏಜೆಂಟ್, ಕಣ್ಣಿಗೆ ಕಾಣದ ಗುಮಾಸ್ತ ಎಂದುಕೊಳ್ಳಿ, ತನಗೆ ಗೊತ್ತಿರುವ ಕಡೆ ಮಾತ್ರ ಕೇಳುತ್ತದೆ. ಪಾಪ, ಅದಕ್ಕೆ ಈ ಅಂಗಡಿ ಇರುವುದೇ ಗೊತ್ತಿರಲಿಲ್ಲ. ಗಿರಾಕಿಗಳು ಅರ್ಧಕ್ಕೆ ಇಳಿದಾಗ ಪುಟ್ಟಿ ಎದ್ದು ಕೂತಳು. ಯಾರ ಬಳಿಯೂ ಪಾಠಕ್ಕೆ ಹೋಗದೆ, ನೋಡಿ, ಓದಿ, ಕೆಡಿಸಿ, ಮತ್ತೆ ಕಟ್ಟಿ, ಏಜೆಂಟುಗಳ ಕರೆಗೆ ಉತ್ತರಿಸುವ ಒಂದು ಟೂಲ್ ಸರ್ವರ್ ಬರೆದು ಅಂಗಡಿಯ ಕಂಪ್ಯೂಟರಿನಲ್ಲಿ ನಡೆಸಿದಳು. ಏಜೆಂಟುಗಳು ಬಳಸಬಹುದಾದ ಮೂರು ಟೂಲು ಅದರಲ್ಲಿದ್ದವು. 'ಸೂಜಿ ಹೇಳು', 'ಬಿಡಿಭಾಗ ನೋಡು', 'ಮನೆಗೆ ಬಾ'. ಮೂರನೆಯದನ್ನು ಯಾರಾದರೂ ಕೇಳಿದರೆ ಕೌಂಟರಿನ ಪುಟ್ಟ ಪ್ರಿಂಟರಿನಿಂದ ಒಂದು ಚೀಟಿ ಬರುತ್ತದೆ. ಅಪ್ಪ ಚೀಲ ಎತ್ತಿಕೊಂಡು ಹೊರಡುತ್ತಾರೆ.

ಏಜೆಂಟು ನೇರವಾಗಿ ಸರ್ವರಿನ ಮನೆಬಾಗಿಲಿಗೆ ಬರುವುದಿಲ್ಲ. ನಡುವೆ ರಿಲೇಗಳಿರುತ್ತವೆ. ಕೇಳುವವರು ತಮ್ಮ ಸಂದೇಶಕ್ಕೆ ಬೀಗ ಹಾಕಿ ಅಲ್ಲಿಟ್ಟು ಹೋಗುತ್ತಾರೆ. ಸರ್ವರು ಅಲ್ಲಿಂದ ಎತ್ತಿಕೊಂಡು, ತನ್ನ ಕೀಲಿಯಿಂದ ತೆರೆದು, ಉತ್ತರವನ್ನು ಅಲ್ಲೇ ಇಡುತ್ತದೆ.

"ರಿಲೇ ಅಂದ್ರೆ ಕೋಲು ಹಿಡ್ಕೊಂಡು ಓಡ್ತಾರಲ್ಲ, ಅದೇ ತಾನೆ?" ಎಂದಿದ್ದಳು ಅತ್ತೆ.

"ಹೆಚ್ಚು ಕಡಿಮೆ ಅದೇ ಅತ್ತೆ. ಕೈಯಿಂದ ಕೈಗೆ."

ಅಂಥ ಒಂದು ರಿಲೇಯನ್ನು ಮನೆಯಲ್ಲಿಟ್ಟುಕೊಂಡು ಪುಕ್ಕಟೆ ನಡೆಸುತ್ತಿದ್ದವನೇ ಈಗ ಕೌಂಟರಿನ ಮುಂದೆ ನಿಂತಿದ್ದವನು. ಬೆಳಿಗ್ಗೆ ಗ್ರಂಥಾಲಯದಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ರಿಲೇ. ಅವತ್ತು ರಜೆ ಇದ್ದುದರಿಂದ ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದ. ಹೊಸದಾಗಿ ಯಾರು ಬಂದರೂ ಒಂದೆರಡು ಸಲ ಕರೆದು ನೋಡುವುದು ಅವನ ಪದ್ಧತಿ.

"ನಿಮ್ಮ ಸರ್ವರ್ ಇವತ್ತು ಎಷ್ಟು ಸಲ ಆರಿ ಹೊತ್ತಿಕೊಂಡಿದೆ?" ಅವನು ಕೇಳಿದ. ದನಿ ಈಗ ತಣ್ಣಗಾಗಿತ್ತು.

"ಮೂರು ಸಲ... ಫ್ಯೂಸ್ ಹೋಗ್ತಾ ಇತ್ತು."

ಇಬ್ಬರ ಕಣ್ಣೂ ಅಂಗಡಿಯ ಹಿಂದಕ್ಕೆ ಹೊರಳಿತು. ಅಲ್ಲಿ ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದಳು.

"ಎರಡು ಸಂದೇಶ, ಮೂರು ಸಲ. ಎರಡು ಮೂರ್ಲಿ ಆರು," ಎಂದ ಅವನು. "ಎದ್ದ ತಕ್ಷಣ ನಿಮ್ಮ ಸರ್ವರು ರಿಲೇಯಲ್ಲಿರೋ ಹಳೇದನ್ನೆಲ್ಲ ಹೊಸದು ಅಂತ ಓದ್ತಾ ಇದೆ. ಎಲ್ಲಿಂದ ಓದಬೇಕು ಅಂತ ನೀವು ಹೇಳೇ ಇಲ್ಲ ಅದಕ್ಕೆ."

ಪುಟ್ಟಿಯ ಮುಖ ಬಿಸಿಯಾಯಿತು. ಆರು ತಿಂಗಳ ಕೆಲಸ! ಮೊದಲ ಗಿರಾಕಿ! ಅವನ ಎದುರಿಗೇ ಇಂಥಾ ಬೆಪ್ಪು ತಪ್ಪು!

"ಅಪ್ಪಾ... ಆರು ಚೀಟೀನೂ ಒಂದೇ ವಿಳಾಸ. ನಿಮಗೆ ಅನುಮಾನ ಬರಲಿಲ್ವಾ?"

"ಒಂದು ಚೀಟಿಗೆ ಒಂದು ಸಲ," ಎಂದರು ಅಪ್ಪ, ಚೀಲ ಕೆಳಗಿಡುತ್ತಾ. "ಕರೆದ್ರೆ ಹೋಗೋದು ನಮ್ಮ ಅಂಗಡಿ ಪದ್ಧತಿ. ಯಾಕೆ ಕರೆದ್ರಿ ಅಂತ ಇಲ್ಲಿ ಕೂತು ಕೇಳೋದಲ್ಲ."

ಮುಳ್ಳಿಗೆ ಚುಚ್ಚಿದ್ದ ಆರು ಚೀಟಿಗಳ ಕೆಳಗೂ ಎರಡೆರಡು ಚೌಕ ಇದ್ದವು. ಒಂದು 'ಕೆಲಸ ಮುಗಿದಿದೆ', ಇನ್ನೊಂದು 'ಮತ್ತೆ ಬರಬೇಕು'. ಗಿರಾಕಿ ಗುರುತು ಹಾಕಿ ಸಹಿ ಮಾಡಬೇಕು. ಆರರಲ್ಲೂ 'ಕೆಲಸ ಮುಗಿದಿದೆ' ಎಂಬಲ್ಲಿ ಗುರುತಿತ್ತು. ಮೊದಲನೆಯದರಲ್ಲಿ ಮರ್ಯಾದೆಯ ಗುರುತು. ಆರನೆಯದರಲ್ಲಿ ಪೆನ್ನು ಕಾಗದ ಹರಿದು ಆಚೆ ಬಂದಿತ್ತು!

ಮರುದಿನ ಮಧ್ಯಾಹ್ನ ಅವನು ತಾನಾಗಿಯೇ ಬಂದ.

"ಎಲ್ಲಿಂದ ಓದಬೇಕು ಅನ್ನೋ ಸಾಲು ಬರೆದುಕೊಡೋಣ ಅಂತ..."

ಕೌಂಟರಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತ. "ಸದ್ಯಕ್ಕೆ ಹೀಗೆ ಬರೆಯೋಣ. ಎದ್ದ ಮೇಲೆ ಬಂದದ್ದನ್ನ ಮಾತ್ರ ಓದು. ಅದಕ್ಕೆ ಮುಂಚಿನದು ಯಾವುದೂ ಬೇಡ. ಆಮೇಲೆ ಸರಿಯಾಗಿ ಮಾಡೋಣ."

'ಸದ್ಯಕ್ಕೆ' ಮತ್ತು 'ಆಮೇಲೆ'... ಜಗತ್ತಿನ ಅರ್ಧ ತೊಂದರೆ ಈ ಎರಡು ಮಾತಿನ ನಡುವೆ ಹುಟ್ಟುತ್ತದೆ. ಅದು ಅವತ್ತು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಸಾಲು ಬರೆಯಲು ಬಂದವನು ಮರುದಿನವೂ ಬಂದ. ಅದರ ಮರುದಿನವೂ. ಅತ್ತೆ ಅವನಿಗೆ 'ರಿಲೇ ಹುಡುಗ' ಎಂದು ಹೆಸರಿಟ್ಟಳು.

ಪ್ರತಿ ಟೂಲಿಗೂ ಒಂದು ವಿವರಣೆ ಬೇಕಿತ್ತು. ಏಜೆಂಟುಗಳು ಅದನ್ನು ಓದಿಯೇ ಯಾವುದನ್ನು ಕರೆಯಬೇಕೆಂದು ತೀರ್ಮಾನಿಸುವುದು. ಪುಟ್ಟಿ ಬಹಳ ಯೋಚಿಸಿ ಬರೆದಳು: 'ವಸ್ತ್ರದ ಸಾಂದ್ರತೆಗೆ ಅನುಗುಣವಾಗಿ ಸೂಜಿಯ ಗಾತ್ರವನ್ನು ಸೂಚಿಸುವ ಉಪಕರಣ.' ಒಂದೇ ಒಂದು ಏಜೆಂಟೂ ಅತ್ತ ತಿರುಗಿ ನೋಡಲಿಲ್ಲ.

"ಇದೇನೇ ಇದು, ಸತ್ತವರ ಸುದ್ದಿ ಥರ!" ಅತ್ತೆ ಇಣುಕಿದಳು. "ಬರ್ಕೋ. 'ಸೂಜಿ ಮುರೀತಿದ್ಯಾ? ಹೊಲಿಗೆ ತಪ್ತಿದ್ಯಾ? ಯಾವ ಬಟ್ಟೆ ಹೇಳು, ಯಾವ ಸೂಜಿ ಅಂತ ನಾನ್ ಹೇಳ್ತೀನಿ.' ಅಷ್ಟೇ!"

ರಿಲೇ ಹುಡುಗ ಅದನ್ನು ಒಂದಕ್ಷರ ಬದಲಿಸದೆ ಹಾಕಿದ. ಒಂದೇ ವಾರದಲ್ಲಿ ನಲವತ್ತು ಏಜೆಂಟು ಕೇಳಿದವು!

"ಅತ್ತೆ, ನೀವೇ ಈ ಸರ್ವರಿನ ನಿಜವಾದ ಎಂಜಿನಿಯರ್."

"ಗೊತ್ತು ಕಣಯ್ಯ. ಚಹಾ ಕುಡಿ."

ಅವನು ಚಹಾ ಕುಡಿಯುತ್ತಿದ್ದ. ಪುಟ್ಟಿ ಅವನ ಕೈ ನೋಡುತ್ತಿದ್ದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ, ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ. ತಪ್ಪು ಹಿಡಿಯುವಾಗ "ನೀವು ತಪ್ಪು" ಎನ್ನುತ್ತಿರಲಿಲ್ಲ, "ಇದಕ್ಕೆ ಇಲ್ಲಿ ದಾರಿ ತಪ್ಪಿದೆ" ಎನ್ನುತ್ತಿದ್ದ. ಅವಳ ಕೆಲಸದ ನಡುವೆ ಮಾತಾಡದೆ ಕಾಯುತ್ತಿದ್ದ.

'ಇವರು ನಾಳೆ ಬರದಿದ್ರೆ...?' ಎಂದು ಒಂದು ದಿನ ಅನ್ನಿಸಿತು. ಅನ್ನಿಸಿದ್ದಕ್ಕೇ ಗಾಬರಿಯಾಯಿತು. ಬರದಿದ್ರೆ ಏನು? ಸರ್ವರ್ ನಡೀತಿದೆಯಲ್ಲ! ಆದರೂ ಆ ಗಾಬರಿ ಮಾತ್ರ ಎದೆಯೊಳಗೆ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟಿತು.

ಸೋಮವಾರ ಸಂಜೆ ಎಡವಟ್ಟಾಯಿತು.

ಅವನು ಅಂಗಡಿಯ ಹೊರಗೆ ನಿಂತು ಅಪ್ಪನ ಜೊತೆ ಮಾತಾಡುತ್ತಿದ್ದಾಗ ಅತ್ತೆ ಒಳಗೆ ಪಿಸುಗುಟ್ಟಿದಳು. ಅತ್ತೆಯ ಪಿಸುಮಾತು ಎಂದರೆ ಉಳಿದವರ ಕೂಗಾಟ.

"ಪುಟ್ಟಿ, ಆ ಹುಡುಗ ದಿನಾ ಬರೋದು ಯಾರನ್ನ ನೋಡೋಕೆ ಅಂತ ನಂಗೆ ಗೊತ್ತಿಲ್ವಾ?"

ಹೊರಗಿನ ಮಾತು ತಟ್ಟನೆ ನಿಂತಿತು. ಪುಟ್ಟಿಗೆ ನೆಲ ಬಾಯ್ಬಿಟ್ಟರೆ ಸಾಕು ಎನ್ನಿಸಿತು. ನಾಚಿಕೆಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಅವರು ಸರ್ವರ್ ನೋಡೋಕೆ ಬರ್ತಾರೆ ಅತ್ತೆ! ನನ್ನ ನೋಡೋಕೆ ಯಾಕೆ ಬರ್ತಾರೆ? ನನಗೂ ಅವರ ಹತ್ರ ಇರೋದು ಕೆಲಸ ಮಾತ್ರ!"

ಹೊರಗೆ ಚಪ್ಪಲಿಯ ಸದ್ದು ಕೇಳಿಸಿತು. ಅವನು ಹೋಗಿದ್ದ.

ಬುಧವಾರ ಅವನು ಬರಲಿಲ್ಲ. ಮಂಗಳವಾರವೂ ಬಂದಿರಲಿಲ್ಲ. ಪುಟ್ಟಿ ಮೂರು ಸಲ ಬರೆದು ಅಳಿಸಿ, ನಾಲ್ಕನೇ ಸಲಕ್ಕೆ ಕಳಿಸಿದಳು: 'ಇವತ್ತು ಬರಲ್ವಾ?'

ಬಹಳ ಹೊತ್ತಿನ ಮೇಲೆ ಉತ್ತರ ಬಂತು: 'ಕೆಲಸ ಮುಗೀತಲ್ಲ. ಇನ್ನು ನೀವೇ ನೋಡ್ಕೋಬಹುದು. ಶುಭವಾಗಲಿ.'

ಶುಭವಾಗಲಿ! ಆ ಮಾತನ್ನು ಅವಳು ಎಷ್ಟು ಸಲ ಓದಿದಳೋ. ಅದು ಬೀಳ್ಕೊಡುವವರು ಹೇಳುವ ಮಾತು. ಚಹಾ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಿದ್ದವನು ಹೇಳುವ ಮಾತಲ್ಲ.

'ಸರಿ. ನಾನೇ ಹೇಳಿದ್ದೆನಲ್ಲ, ಸರ್ವರ್ ನೋಡೋಕೆ ಬರ್ತಾರೆ ಅಂತ. ನಿಜವೇ ಆಯ್ತು...'

ಗುರುವಾರ ಅವಳು ಯಾರೊಂದಿಗೂ ಮಾತಾಡಲಿಲ್ಲ. ಅತ್ತೆ ಕೂಡ ಮಾತಾಡಲಿಲ್ಲ. ಅದು ಎಷ್ಟು ಅಪರೂಪವೆಂದರೆ ಎದುರಿನ ಅಂಗಡಿಯವರು ಬಂದು "ಎಲ್ಲ ಆರೋಗ್ಯ ತಾನೆ?" ಎಂದು ವಿಚಾರಿಸಿಕೊಂಡು ಹೋದರು.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ಬಿರುಗಾಳಿ ಎದ್ದಿತು. ಪರದೆ ಹೊಲಿಯುವ ಅಕ್ಕ!

"ಮೇಸ್ತ್ರೀ! ಮಂಗಳವಾರ ಮಧ್ಯಾಹ್ನ ಕರೆದಿದ್ದೆ. ಇವತ್ತು ಶುಕ್ರವಾರ! ಹನ್ನೆರಡು ಕಿಟಕಿ ಪರದೆ ಹಾಗೇ ಬಿದ್ದಿದೆ!"

"ಚೀಟಿ ಬಂದಿಲ್ಲ ಅಕ್ಕ," ಎಂದಳು ಪುಟ್ಟಿ.

"ನಿನ್ನ ಚೀಟಿ ನಂಗೊತ್ತಿಲ್ಲ. ನನ್ನ ಏಜೆಂಟು 'ಕರೆದಿದೀನಿ, ಕರೆದಿದೀನಿ, ಅವರೇ ಮಾತಾಡ್ತಿಲ್ಲ' ಅಂತ ಆಣೆ ಮಾಡ್ತಿದೆ. ನನ್ನ ಯಜಮಾನರಿಗಿಂತ ಅದರ ಮಾತು ನಂಬ್ತೀನಿ ನಾನು!"

ಅಪ್ಪ ಚೀಟಿಯಿಲ್ಲದೆಯೇ ಚೀಲ ಎತ್ತಿಕೊಂಡು ಅಕ್ಕನ ಜೊತೆ ಹೊರಟರು.

ಪುಟ್ಟಿ ಯೋಚಿಸಿದಳು. ಮಂಗಳವಾರ ಮಧ್ಯಾಹ್ನ... ಅವತ್ತೇನಾಗಿತ್ತು?

"ಅತ್ತೆ... ಮಂಗಳವಾರ ಮಧ್ಯಾಹ್ನ ಇಸ್ತ್ರಿ ಹಾಕಿದ್ರಾ?"

"ಒಂದೇ ಒಂದು ಅಂಗಿ ಕಣೇ... ಫ್ಯೂಸ್ ಹೋಯ್ತು. ಇಪ್ಪತ್ತು ನಿಮಿಷದಲ್ಲಿ ಅಣ್ಣ ಸರಿ ಮಾಡಿದ್ರಲ್ಲ!"

ಇಪ್ಪತ್ತು ನಿಮಿಷ! ಅಷ್ಟು ಹೊತ್ತು ಸರ್ವರು ನಿದ್ದೆ ಮಾಡಿತ್ತು. ಎದ್ದ ಮೇಲೆ ಬಂದದ್ದನ್ನು ಮಾತ್ರ ಓದು ಎಂದು ಅದಕ್ಕೆ ಹೇಳಲಾಗಿತ್ತು. ಮಲಗಿದ್ದಾಗ ಬಂದವರ ಗತಿ? ಬಾಗಿಲು ಬಡಿದು ಬಡಿದು ಹೋಗಿದ್ದರು. ಆ ಸಾಲನ್ನು 'ಆಮೇಲೆ' ಸರಿಮಾಡಲು ಇಬ್ಬರೂ ಮರೆತಿದ್ದರು!

ಅವಳು ಅವನ ರಿಲೇಯನ್ನು ಕೇಳಿದಳು: ಆ ಇಪ್ಪತ್ತು ನಿಮಿಷದಲ್ಲಿ ನನಗೆಂದು ಯಾರು ಏನು ಇಟ್ಟುಹೋದರು? ಮೂರು ಸಂದೇಶ ಸಿಕ್ಕವು. ಮೂರೂ ಹೊಲಿಗೆಯವರದು. ನಾಲ್ಕನೆಯ ಜಾಗದಲ್ಲಿ ಸಂದೇಶವಿರಲಿಲ್ಲ, ಒಂದು ಟಿಪ್ಪಣಿಯಿತ್ತು: 'ಇಲ್ಲಿದ್ದುದನ್ನು ಅಳಿಸಬೇಕೆಂದು ಕಳಿಸಿದವರು ಕೋರಿದ್ದಾರೆ. ಅಳಿಸಲಾಗಿದೆ.'

ಕೋರಿದವರನ್ನು ಗುರುತಿಸುವ ಕೀಲಿ ಸಂಖ್ಯೆಯ ಮೊದಲ ಆರು ಅಕ್ಷರ ನೋಡಿದಳು. ಆ ಆರು ಅಕ್ಷರ ಅವಳಿಗೆ ಬಾಯಿಪಾಠ!

ಅವನು ಕರೆದಿದ್ದ... ಮಂಗಳವಾರ ಕರೆದಿದ್ದ! ಉತ್ತರ ಬಾರದೆ, ಬುಧವಾರ ಅಳಿಸಿದ್ದ!

ಊರವರ ಸರ್ವರು ಮಾತಾಡದಿದ್ದಾಗಲೆಲ್ಲ "ಮೊದಲು ಕರೆಂಟ್ ಇದೆಯಾ ನೋಡಿ" ಎನ್ನುವ ಮನುಷ್ಯ ಅವನು. ತನ್ನ ಮಾತಿಗೇ ಉತ್ತರ ಬಾರದಾಗ ಅದೊಂದನ್ನು ನೋಡಲಿಲ್ಲ. ಮನಸ್ಸು ಅಂಟಿಕೊಂಡ ಕಡೆ ಬುದ್ಧಿ ಹೀಗೇ ರಜೆ ಹಾಕುತ್ತದೆ.

ಆದರೆ ರಿಲೇಗಳ ಲೋಕದಲ್ಲಿ ಒಂದು ವಿಚಿತ್ರವಿದೆ. ಒಂದೇ ಸಂದೇಶ ಎರಡು ಮೂರು ರಿಲೇಗಳಲ್ಲಿ ಕೂತಿರುತ್ತದೆ. ಅಳಿಸು ಎನ್ನುವುದು ಆಜ್ಞೆಯಲ್ಲ, ಬರೀ ಕೋರಿಕೆ. ಒಪ್ಪುವುದೂ ಬಿಡುವುದೂ ರಿಲೇ ನಡೆಸುವವರ ಇಷ್ಟ. ಈ ಊರಿನ ಇನ್ನೊಂದು ರಿಲೇ ನಿವೃತ್ತ ಮೇಷ್ಟ್ರೊಬ್ಬರದು. ಹಳೆಯದೇನಾದರೂ ಬೇಕಾದರೆ ಅವರಿಗೆ ಫೋನ್ ಮಾಡಿಯೇ ಕೇಳಬೇಕು.

"ಅಳಿಸೋದಾ?" ಮೇಷ್ಟ್ರ ದನಿ ಏರಿತು. "ಮೂವತ್ತೈದು ವರ್ಷ ಹಾಜರಿ ಪುಸ್ತಕ ಬರೆದವನಮ್ಮ ನಾನು. ಬಂದವರನ್ನ ಬಂದಿಲ್ಲ ಅಂತ ಇವತ್ತಿನವರೆಗೂ ಬರೆದಿಲ್ಲ. ಸಂದೇಶದ ಸಂಖ್ಯೆ ಹೇಳು!"

ಅರವತ್ತನಾಲ್ಕು ಅಕ್ಷರದ ಸಂಖ್ಯೆ, ಟಿಪ್ಪಣಿಯಲ್ಲೇ ಇತ್ತು. ಪುಟ್ಟಿ ಓದಿದಳು.

"ನಿಧಾನಕ್ಕೆ ಹೇಳಮ್ಮ... ಪೆನ್ಸಿಲ್ ಮೊನೆ ಮುರೀತು... ಹಾಂ, ಮೊದಲಿಂದ."

"ಮೇಷ್ಟ್ರೇ!"

"ಅವಸರ ಮಾಡಿದ್ರೆ ಲೆಕ್ಕ ತಪ್ಪುತ್ತೆ. ಹೇಳು... ಸಿಕ್ತು! ಬೀಗ ಹಾಕಿದೆ. ಒಳಗೇನಿದೆಯೋ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ಪೆಟ್ಟಿಗೆ ನನ್ನ ಹತ್ರ, ಕೀಲಿ ನಿನ್ನ ಹತ್ರ. ನಿನಗೆ ಬಂದ ಹಳೇದಕ್ಕೆಲ್ಲ ಮತ್ತೆ ಬಾಗಿಲು ತೆಗೆದಿಟ್ಟಿದೀನಿ, ನಿನ್ನ ಸರ್ವರು ಬಂದು ಎತ್ತಿಕೊಳ್ಳಲಿ."

ಅಪ್ಪ ಪರದೆ ಅಕ್ಕನ ಯಂತ್ರ ಸರಿಮಾಡಿ ಬರುವಷ್ಟರಲ್ಲಿ ಅವನ ಸಂದೇಶದ ಲಕೋಟೆ ಪುಟ್ಟಿಯ ಲ್ಯಾಪ್‌ಟಾಪಿನಲ್ಲಿತ್ತು. ಹೊರಗೆ ಮೂರೇ ಮಾತು. ಕರೆದ ಟೂಲು: 'ಮನೆಗೆ ಬಾ'. ದಿನ: ಮಂಗಳವಾರ. ಸಮಯ: ಹನ್ನೆರಡು ಇಪ್ಪತ್ತು. ಒಳಗಿನದಕ್ಕೆ ಬೀಗ. ಒಂದು ಗುಂಡಿ ಒತ್ತಿದರೆ ತೆರೆಯುತ್ತದೆ.

"ಒತ್ತೇ!" ಎಂದಳು ಅತ್ತೆ.

"ಅಳಿಸಿ ಅಂದಿದ್ದಾರೆ ಅತ್ತೆ."

"ಅಳಿಸಿ ಅಂದ್ಮೇಲೇ ಗೊತ್ತಾಗಲ್ವಾ, ಒಳಗೆ ಓದೋ ಅಂಥದ್ದು ಏನೋ ಇದೆ ಅಂತ! ಒತ್ತು! ನೀನು ಒತ್ತದಿದ್ರೆ ಸರಿ, ನಾನು ಒತ್ತುತೀನಿ!"

ಪುಟ್ಟಿ ಲ್ಯಾಪ್‌ಟಾಪ್ ಮುಚ್ಚಿದಳು. ಅಪ್ಪ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

"ಅವತ್ತು ಆರು ಸಲ ಹೋದೆನಲ್ಲ ಮಗಾ," ಎಂದರು ಮೆಲ್ಲಗೆ. "ಮೊದಲೆರಡು ಸಲ ಯಂತ್ರ ನೋಡೋಕೆ ಹೋದೆ. ಉಳಿದ ನಾಲ್ಕು ಸಲ ಹುಡುಗನ್ನ ನೋಡೋಕೆ."

"ಅಪ್ಪಾ!"

"ಆರು ಸಲ ಬಾಗಿಲು ತೆಗೆದ. ಆರನೇ ಸಲ ಮುಖ ಕೆಂಪಗಾಗಿ ಮಾತೇ ಹೊರಡ್ತಿರಲಿಲ್ಲ. ಆದ್ರೂ ಕುರ್ಚಿ ಹಾಕೋದು ಮರೀಲಿಲ್ಲ. 'ಕೂತ್ಕೊಳಿ, ಬಿಸಿಲಲ್ಲಿ ಬಂದಿದ್ದೀರಿ' ಅಂದ. ಕೋಪ ಬಂದಾಗ ಕುರ್ಚಿ ಹಾಕೋನು ಅಪರೂಪ ಕಣಮ್ಮ."

ಪುಟ್ಟಿಯ ಕಣ್ಣು ತುಂಬಿತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಈಗ ನಾನೇನು ಮಾಡಲಿ ಅಪ್ಪಾ? ಹಳೇದನ್ನೆಲ್ಲ ಓದಿದ್ರೆ ಆರು ಸಲ ಹೋಗ್ಬೇಕು. ಹಳೇದು ಬೇಡ ಅಂದ್ರೆ ಹೀಗೆ ಕಳ್ಕೋಬೇಕು..."

ಅವಳು ಸರ್ವರಿನ ಬಗ್ಗೆ ಕೇಳಿದ್ದಳೋ ಬೇರೆಯದರ ಬಗ್ಗೆಯೋ, ಅಪ್ಪ ಉತ್ತರ ಹೇಳಿದ್ದು ಹೊಲಿಗೆಯ ಬಗ್ಗೆ.

"ಹೊಲಿಗೆ ಮಧ್ಯೆ ಊಟಕ್ಕೆ ಏಳ್ಬೇಕಾದ್ರೆ ಏನ್ಮಾಡ್ತಾರೆ? ನಿಲ್ಲಿಸಿದ ಕಡೆ ಒಂದು ಗುಂಡುಸೂಜಿ ಚುಚ್ಚಿ ಏಳ್ತಾರೆ. ವಾಪಸ್ ಬಂದು ಮೊದಲಿಂದ ಹೊಲಿಯಲ್ಲ. ಕೈಗೆ ಸಿಕ್ಕಿದ ಕಡೆಯಿಂದಲೂ ಹೊಲಿಯಲ್ಲ. ಗುಂಡುಸೂಜಿ ಇರೋ ಕಡೆಯಿಂದ."

ಪುಟ್ಟಿ ಬಾಯಿ ತೆರೆದು ಅಪ್ಪನನ್ನೇ ನೋಡಿದಳು. ಇಷ್ಟೇನಾ!

ಕೊನೆಗೆ ಮುಗಿಸಿದ ಸಂದೇಶ ಯಾವುದೆಂದು ಗುರುತು ಇಟ್ಟುಕೋ. ಎದ್ದಾಗ ಅಲ್ಲಿಂದ ಓದು. ಹತ್ತು ನಿಮಿಷದಲ್ಲಿ ಬರೆದಳು. ಗುಂಡುಸೂಜಿಯನ್ನು ಸೋಮವಾರ ಸಂಜೆಗೆ ಚುಚ್ಚಿದಳು, ಎಲ್ಲ ತಪ್ಪಿಹೋದ ಜಾಗಕ್ಕೆ. ಅಲ್ಲಿಂದೀಚೆಗೆ ಒಂದು ಚೀಟಿಯೂ ಬಂದಿರಲಿಲ್ಲ. ಆಮೇಲೆ ಎದ್ದು ಅಪ್ಪನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಗೇ?" ಅತ್ತೆ ಕೇಳಿದಳು.

"ಮನೆಗೆ ಬಾ ಅಂತ ಕರೆದಿದ್ದಾರೆ. ಯಾಕೆ ಕರೆದ್ರಿ ಅಂತ ಇಲ್ಲಿ ಕೂತು ಕೇಳೋದಲ್ಲ... ಅಲ್ವಾ ಅಪ್ಪಾ?"

ಅಪ್ಪ ಮೀಸೆಯೊಳಗೇ ನಕ್ಕರು.

"ಅತ್ತೆ, ಹೊಸದಾಗಿ ಬರೆದಿರೋದು ಇನ್ನೂ ಶುರುವಾಗಿಲ್ಲ. ನಾನು ಬಂದು ಆರಿಸಿ ಹೊತ್ತಿಸ್ತೀನಿ. ಅಲ್ಲಿವರೆಗೂ ದಯವಿಟ್ಟು ಆ ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ!"

"ನಾನ್ಯಾಕೆ ಮುಟ್ಟಲಿ?" ಎಂದಳು ಅತ್ತೆ. ಅವಳ ಮುಖದಲ್ಲಿ ಹಸುಗೂಸಿನ ಮುಗ್ಧತೆಯಿತ್ತು.

ಮೂರು ಬೀದಿ. ಅಪ್ಪ ಆರು ಸಲ ನಡೆದ ದಾರಿ. ಅವಳಿಗೆ ಒಂದು ಸಲವೇ ಇಷ್ಟು ಉದ್ದ!

ಬಾಗಿಲು ತೆಗೆದವನ ಕಣ್ಣ ಕೆಳಗೆ ಕಪ್ಪು. ಅವಳನ್ನು ನೋಡಿದ, ಚೀಲವನ್ನು ನೋಡಿದ, ಮತ್ತೆ ಅವಳನ್ನು ನೋಡಿದ.

"ನೀವು...?"

"ಮಂಗಳವಾರ ಕರೆದಿದ್ರಂತೆ." ಹೆಗಲ ಚೀಲ ಸರಿಮಾಡಿಕೊಳ್ಳುತ್ತಾ ಹೇಳಿದಳು. "ತಡವಾಯ್ತು. ಕ್ಷಮಿಸಿ. ಫ್ಯೂಸ್ ಹೋಗಿತ್ತು."

ಅವನು ಒಂದು ಹೆಜ್ಜೆ ಹೊರಗೆ ಬಂದ.

"ಫ್ಯೂಸ್...?"

"ಹನ್ನೆರಡೂ ಕಾಲಿಂದ ಇಪ್ಪತ್ತು ನಿಮಿಷ. ಎದ್ದ ಮೇಲೆ ಬಂದದ್ದನ್ನ ಮಾತ್ರ ಓದು ಅಂತ ಯಾರೋ ಹೇಳಿಕೊಟ್ಟಿದ್ರು, ಹಾಗಾಗಿ ನಿಮ್ಮದು ಓದಲಿಲ್ಲ ಅದು."

ಅವನ ಕೈ ತಾನಾಗಿಯೇ ಹಣೆಗೆ ಹೋಯಿತು.

"ಅಂದ್ರೆ... ನಾನೇ ಬರೆದ ಸಾಲು ನನ್ನ ಮಾತನ್ನೇ ನುಂಗಿತು!"

"ಹೂಂ. ಅದಕ್ಕೆ ಅಲ್ಲಿ ದಾರಿ ತಪ್ಪಿತ್ತು."

ಒಳಗಿನಿಂದ ಅಜ್ಜಿಯ ದನಿ ಬಂತು. "ಯಾರೋ ಅದು? ಮೇಸ್ತ್ರಿಯಾದ್ರೆ ಎಣ್ಣೆ ಸಾಕು ಅನ್ನು!"

"ಮೇಸ್ತ್ರಿ ಅಲ್ಲ ಅಜ್ಜಿ!" ಎಂದ ಅವನು, ಕಣ್ಣು ಅವಳ ಮೇಲಿಂದ ತೆಗೆಯದೆ. ಆಮೇಲೆ ಏನೋ ನೆನಪಾದವನಂತೆ ಓಡಿಹೋಗಿ ಕುರ್ಚಿ ತಂದು ಬಾಗಿಲಲ್ಲೇ ಹಾಕಿದ. "ಕೂತ್ಕೊಳಿ... ಬಿಸಿಲಲ್ಲಿ ಬಂದಿದ್ದೀರಿ."

ಅಷ್ಟು ಸಾಕಾಯಿತು. ಮೂರು ದಿನ ಕಟ್ಟಿಟ್ಟಿದ್ದ ಕಣ್ಣೀರು ಪುಟ್ಟಿಯ ಕೆನ್ನೆಯ ಮೇಲೆ ಇಳಿದೇಬಿಟ್ಟಿತು.

"ಅಯ್ಯೋ! ಯಾಕ್ರೀ? ಕುರ್ಚಿ ಬೇಡ್ವಾ?"

"ಬೇಕು!" ಅವಳು ಅಳುತ್ತಲೇ ನಕ್ಕಳು. "ಏನು ಬರೆದಿದ್ರಿ ಅದರಲ್ಲಿ?"

"ನೀವು ಓದಲಿಲ್ವಾ? ಮೇಷ್ಟ್ರ ಹತ್ರ ಇರುತ್ತೆ ಅಂತ ಆಮೇಲೆ ನೆನಪಾಗಿ ಎರಡು ರಾತ್ರಿ ನಿದ್ದೆ ಮಾಡಿಲ್ಲ ನಾನು!"

"ಲಕೋಟೆ ಸಿಕ್ಕಿದೆ. ತೆರೆದಿಲ್ಲ. ಅಳಿಸಿ ಅಂದಿದ್ರಲ್ಲ... ನಿಮ್ಮನ್ನೇ ಕೇಳೋಣ ಅಂತ ಬಂದೆ."

ಅವನು ಹೊಸಿಲ ಮೇಲೆ, ಅವಳ ಕುರ್ಚಿಯ ಪಕ್ಕದಲ್ಲಿ ಕೂತುಬಿಟ್ಟ.

"ಯಂತ್ರ ಸರಿಯಾಗಿದೆ ಅಂತ ಬರೆದಿದ್ದೆ."

"ಅಷ್ಟೇನಾ?"

"ನಾನು ಸರ್ವರ್ ನೋಡೋಕೆ ಬರ್ತಿರಲಿಲ್ಲ ಅಂತಲೂ ಬರೆದಿದ್ದೆ."

ಪುಟ್ಟಿ ಹೆಗಲ ಚೀಲ ಇಳಿಸಿ ಕೆಳಗಿಟ್ಟಳು.

"ಸೋಮವಾರ ನೀವು ಅಂದದ್ದು ಕೇಳಿಸ್ತು. ಎದುರಿಗೆ ಹೇಳೋಕೆ ಧೈರ್ಯ ಬರಲಿಲ್ಲ. ನಿಮ್ಮ ಟೂಲು ಯಾರ ಮಾತನ್ನೂ ತಳ್ಳಿಹಾಕಲ್ಲ, ಒಂದು ನಿಮಿಷದಲ್ಲಿ 'ಬರುತ್ತೇವೆ' ಅನ್ನುತ್ತೆ. ಅದಕ್ಕೇ ಹೇಳ್ದೆ. ಒಂದು ನಿಮಿಷ ಕಾದೆ... ಒಂದು ದಿನ ಕಾದೆ. ನಿಮಗೆ ಇರೋದು ಕೆಲಸ ಮಾತ್ರ ಅಂತ..."

"ಅದು ಅತ್ತೆಗೆ ಹೇಳಿದ ಸುಳ್ಳು!" ಅವಳು ಕೆನ್ನೆ ಒರೆಸಿಕೊಂಡಳು. "ನೀವು ಬರದಿದ್ದ ದಿನ ಸರ್ವರ್ ಚೆನ್ನಾಗೇ ನಡೀತಿತ್ತು. ನಾನೇ ನಿಂತುಹೋಗಿದ್ದೆ."

ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಸದ್ದು ಮಾಡಿತು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

"ಹಾಗಾದ್ರೆ... ನನ್ನ ಸಂದೇಶಕ್ಕೆ ಉತ್ತರ?" ಅವನ ದನಿ ತೀರಾ ಮೆಲ್ಲಗಾಗಿತ್ತು.

ಅವಳು ಕುರ್ಚಿಯಿಂದ ಇಳಿದು ಹೊಸಿಲ ಮೇಲೆ ಅವನ ಪಕ್ಕದಲ್ಲೇ ಕೂತಳು.

"ಬಂದಿದೀನಲ್ಲ."

"ಅಳಿಸು ಅಂತ ಕೇಳಲ್ವಲ್ಲ?"

"ಕೇಳಿದ್ರೂ ಮೇಷ್ಟ್ರು ಬಿಡಲ್ಲ ಬಿಡಿ."

ಅವನು ನಕ್ಕ. ಅವಳ ಕೈ ಹಿಡಿದುಕೊಂಡ, ಚಹಾ ಲೋಟ ಹಿಡಿಯುವ ಹಾಗೆ, ಎರಡೂ ಕೈಯಲ್ಲಿ.

ಆಗಲೇ ಗೇಟು ಕಿರ್ರೆಂದಿತು. ಅಂಗಳದಲ್ಲಿ ಅಪ್ಪ ನಿಂತಿದ್ದರು. ಹೆಗಲಲ್ಲಿ ಚೀಲವಿಲ್ಲ, ಕೈಯಲ್ಲಿ ಒಂದು ಚೀಟಿ. ಇಬ್ಬರೂ ದಡಬಡಿಸಿ ಎದ್ದರು.

"ನಿಮ್ಮತ್ತೆ ಇಸ್ತ್ರಿ ಹಾಕಿದ್ಲು, ಫ್ಯೂಸ್ ಹೋಗಿ ಸರ್ವರು ಮತ್ತೆ ಹೊತ್ಕೊಳ್ತು," ಎಂದರು ಅಪ್ಪ, ಯಾರ ಮುಖವನ್ನೂ ನೋಡದೆ. "ಗುಂಡುಸೂಜಿ ಚೆನ್ನಾಗಿ ಕೆಲಸ ಮಾಡ್ತಿದೆ ಮಗಾ. ನಾಲ್ಕು ಚೀಟಿ ಬಂತು. ಒಂದೊಂದೇ ಸಲ."

ಕನ್ನಡಕ ಏರಿಸಿಕೊಂಡು ಚೀಟಿಯನ್ನು ದೂರ ಹಿಡಿದು ಓದಿದರು. "'ಯಂತ್ರ ಸರಿಯಾಗಿದೆ. ಮೇಸ್ತ್ರಿಯವರು ಬರುವುದು ಬೇಡ. ಅವರ ಮಗಳು ಬಂದರೆ ಸಾಕು...' ಇನ್ನೂ ಇದೆ. ಅದನ್ನ ನಿಮ್ಮತ್ತೆ ಬಾಯಿಪಾಠ ಮಾಡಿದಾಳೆ, ನಾನು ಓದಲ್ಲ."

ರಿಲೇ ಹುಡುಗನ ಕಿವಿಯವರೆಗೂ ಕೆಂಪೇರಿತು.

"ಬೇಡ ಅಂತ ಬರೆದಿದ್ರೂ... ಬಂದ್ರಾ?"

"ಒಂದು ಚೀಟಿಗೆ ಒಂದು ಸಲ," ಎಂದು ಅಪ್ಪ ಪೆನ್ನು ಮುಂದೆ ಚಾಚಿದರು. "ಗುರುತು ಹಾಕಿ ಸಹಿ ಮಾಡಿ."

ಅವನು ಚೀಟಿಯನ್ನು ಕುರ್ಚಿಯ ಮೇಲೆ ಹರಡಿಕೊಂಡ. 'ಕೆಲಸ ಮುಗಿದಿದೆ' ಎಂಬ ಚೌಕದ ಮೇಲೆ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅದನ್ನು ದಾಟಿ ಪಕ್ಕಕ್ಕೆ ಹೋಗಿ, ಕಾಗದ ಹರಿಯದಂತೆ, ಬಹಳ ಜೋಪಾನವಾಗಿ 'ಮತ್ತೆ ಬರಬೇಕು' ಎಂಬಲ್ಲಿ ಗುರುತು ಹಾಕಿತು.